ಇನ್ನೂ ಸ್ವಲ್ಪ ಬಿಗಿ ಮಾಡಿ ಡಾಕ್ಟ್ರೇ

(ಕೊಡಗಿನ ಗೋಣಿಕೊಪ್ಪಲಿನಲ್ಲಿ ಒಂದು ಭಾನುವಾರ ಬೆಳಿಗ್ಗೆ, ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರು, ಮಾಡಿಸಿಕೊಳ್ಳಬೇಕು ಅಂತಿರುವವರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತು. ಆಮೇಲೆ ಕೂತು ಬರೆದೆ. ಅವತ್ತು ಹೇಳಲು ಮರೆತದ್ದನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಪೊನ್ನಂಪೇಟೆ ಕಡೆ ಎಂಟು ಎಕರೆ ಕಾಫಿ ತೋಟ ನೋಡಿಕೊಂಡು, ಮನೆಗೆ ಬಂದವರಿಗೆ ಅಡುಗೆ ಮಾಡಿ ಬಡಿಸಿಕೊಂಡು ಇರುವವಳು. 2012ರಲ್ಲಿ ಬೆಂಗಳೂರಿನಲ್ಲಿ ಹೊಟ್ಟೆಗೆ ಬ್ಯಾಂಡ್ ಹಾಕಿಸಿಕೊಂಡೆ. ಆಗ ನನ್ನ ತೂಕ 112 ಕೆಜಿ, ಎತ್ತರ ಐದು ಅಡಿ ಮೂರು ಇಂಚು. ಈಗ 84 ಕೆಜಿ. ನಡುವೆ ಒಮ್ಮೆ 79ಕ್ಕೆ ಇಳಿದಿದ್ದೆ, ಮತ್ತೆ 91ಕ್ಕೆ ಹತ್ತಿದ್ದೆ. ಆ ಹತ್ತಿದ ಕಥೆ ಹೇಳುವುದಕ್ಕೇ ಇವತ್ತು ಬಂದದ್ದು. ಇಳಿದ ಕಥೆ ಎಲ್ಲರೂ ಹೇಳುತ್ತಾರೆ.

ಅದಕ್ಕೂ ಮೊದಲು ಒಂದು ಕಡಂಬುಟ್ಟಿನ, ಅಂದರೆ ನಮ್ಮ ಅಕ್ಕಿ ತರಿ ಉಂಡೆಯ ವಿಷಯ.

ಆಪರೇಷನ್ ಆಗಿ ಏಳನೇ ವಾರ. ಹಿಂದಿನ ವಾರವಷ್ಟೇ ಮೊದಲ ಸಲ ಬ್ಯಾಂಡಿಗೆ ನೀರು ತುಂಬಿಸಿಕೊಂಡು ಬಂದಿದ್ದೆ. ನಾದಿನಿ ಮನೆಯಲ್ಲಿ ಮಧ್ಯಾಹ್ನದ ಊಟ. ಹಬೆ ಆಡುತ್ತಿದ್ದ ಕಡಂಬುಟ್ಟು, ಹಂದಿ ಮಾಂಸದ ಪಂದಿ ಕರಿ. ಎರಡು ತಿಂಗಳಿಂದ ಗಂಜಿ, ಸಾರು, ಮಿಕ್ಸಿಗೆ ಹಾಕಿದ ಬೇಳೆ ಅಂತ ನಾಲಿಗೆ ಸತ್ತುಹೋಗಿತ್ತು. ಒಂದೇ ಒಂದು ಉಂಡೆ ಹಾಕಿಸಿಕೊಂಡೆ. ಅರ್ಧ ಮುರಿದು, ಮಸಾಲೆಗೆ ಅದ್ದಿ, ಮಾತಾಡುತ್ತಾ ಮಾತಾಡುತ್ತಾ ನುಂಗಿದೆ. ಹಳೇ ಅಭ್ಯಾಸ. ಎರಡು ನಿಮಿಷ ಏನೂ ಇಲ್ಲ. ಮೂರನೇ ನಿಮಿಷಕ್ಕೆ ಎದೆ ನಡುವೆ ಯಾರೋ ಕಲ್ಲು ಇಟ್ಟ ಹಾಗೆ ಆಯಿತು. ಹಾರ್ಟ್ ಅಟ್ಯಾಕೇ ಇರಬೇಕು ಅಂದುಕೊಂಡೆ. ಬಾಯಲ್ಲಿ ಜೊಲ್ಲು ತುಂಬತೊಡಗಿತು. ನುಂಗಿದರೆ ಇಳಿಯುವುದಿಲ್ಲ, ಉಗಿದರೆ ಮುಗಿಯುವುದಿಲ್ಲ. ಮೊಟ್ಟೆಯ ಬಿಳಿ ಕಡೆದ ಹಾಗೆ ನೊರೆ ನೊರೆ. ಬಚ್ಚಲಲ್ಲಿ ಮುಕ್ಕಾಲು ಗಂಟೆ ಬಗ್ಗಿ ನಿಂತಿದ್ದೆ. ಹೊರಗೆ ನಾದಿನಿ ಅಳುತ್ತಿದ್ದಳು, ಅವಳ ಅಡುಗೆಯಲ್ಲೇ ಏನೋ ಆಗಿದೆ ಅಂತ. ಕೊನೆಗೆ ಆ ಅರ್ಧ ಉಂಡೆ ಹೋದ ದಾರಿಯಲ್ಲೇ ವಾಪಸ್ ಬಂತು.

ನಮ್ಮಂಥವರು ಇದಕ್ಕೆ ಸುಮ್ನೆ 'ಸಿಕ್ಕಿಕೊಳ್ಳೋದು' ಅನ್ನುತ್ತೇವೆ. ಇಲ್ಲಿ ಕೂತವರಲ್ಲಿ ಬ್ಯಾಂಡ್ ಇರುವವರು ಈಗ ತಲೆ ಆಡಿಸುತ್ತಿದ್ದೀರಿ, ಕಾಣುತ್ತಿದೆ. ಇಲ್ಲದವರಿಗೆ ಒಳಗೆ ಏನಿದೆ ಅಂತ ಹೇಳುತ್ತೇನೆ.

ಬ್ಯಾಂಡ್ ಅಂದರೆ ಸಿಲಿಕೋನಿನ ಒಂದು ಬಳೆ. ಹೊಟ್ಟೆಯ ಮೇಲ್ಭಾಗದಲ್ಲಿ, ಅನ್ನನಾಳ ಬಂದು ಸೇರುವ ಜಾಗಕ್ಕಿಂತ ಸ್ವಲ್ಪ ಕೆಳಗೆ ಅದನ್ನು ಸುತ್ತಿರುತ್ತಾರೆ. ಅದರ ಮೇಲೆ ಒಂದು ಪುಟ್ಟ ಚೀಲದಷ್ಟು ಹೊಟ್ಟೆ ಉಳಿಯುತ್ತದೆ. 15ರಿಂದ 30 ಮಿಲಿ ಹಿಡಿಯುತ್ತದೆ, ಅಂದರೆ ದೊಡ್ಡ ಚಮಚದಲ್ಲಿ ಒಂದೋ ಎರಡೋ. ಬಳೆಯ ಒಳಮೈಯಲ್ಲಿ ಬಲೂನಿನ ಥರ ಒಂದು ಪದರ ಇದೆ. ಅದರಿಂದ ತೆಳುವಾದ ಟ್ಯೂಬ್ ಬಂದು, ಹೊಟ್ಟೆಯ ಚರ್ಮದ ಅಡಿಯಲ್ಲಿ ಇಟ್ಟ ಬಿಲ್ಲೆಗೆ ಸೇರುತ್ತದೆ. ಬಿಲ್ಲೆಗೆ ಪೋರ್ಟ್ ಅನ್ನುತ್ತಾರೆ. ಡಾಕ್ಟರು ಚರ್ಮದ ಮೇಲಿಂದಲೇ ಪೋರ್ಟಿಗೆ ಸೂಜಿ ಚುಚ್ಚಿ ಸಲೈನ್ ನೀರು ಹಾಕಿದರೆ ಬಳೆ ಬಿಗಿಯಾಗುತ್ತದೆ, ತೆಗೆದರೆ ಸಡಿಲ. ಹೊಟ್ಟೆ ಕತ್ತರಿಸುವುದಿಲ್ಲ, ಕರುಳು ತಿರುಗಿಸಿ ಜೋಡಿಸುವುದಿಲ್ಲ. ಬೇಡವೆಂದರೆ ತೆಗೆಸಬಹುದು. ನಾನು ಬ್ಯಾಂಡ್ ಆರಿಸಿಕೊಂಡದ್ದೇ ಈ ಮಾತು ಕೇಳಿ.

ಈ ಬಳೆಯನ್ನು ಸಣ್ಣ ತೂತುಗಳಿಂದಲೇ ಮಾಡುವ ಕಿಂಡಿ ಆಪರೇಷನ್ನಿನಲ್ಲಿ ಮೊದಲು ಹಾಕಿದ್ದು 1993ರಲ್ಲಿ, ಬೆಲ್ಜಿಯಂನಲ್ಲಿ. ಹಾಕಿದವರು ಮಿಟಿಕು ಬೆಲಾಚೆವ್, ಇಥಿಯೋಪಿಯಾದಲ್ಲಿ ಹುಟ್ಟಿದವರು. ಕಾಫಿ ಹುಟ್ಟಿದ್ದೂ ಅಲ್ಲೇ ಅಲ್ವಾ? ನಮ್ಮ ತೋಟದಲ್ಲಿರುವುದೂ ನನ್ನ ಹೊಟ್ಟೆಯಲ್ಲಿರುವುದೂ ಒಂದೇ ಊರಿನ ಋಣ ಅಂತ ನಮ್ಮ ಯಜಮಾನರು ತಮಾಷೆ ಮಾಡುತ್ತಾರೆ.

ಮೊದಲ ಆರು ವಾರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಸ್ಪತ್ರೆಯಲ್ಲೇ ಕಾಗದ ಕೊಡುತ್ತಾರೆ. ಮೊದಲು ತಿಳಿ, ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿನದ್ದು, ಕೊನೆಗೆ ಗಟ್ಟಿ. ಯಾವುದು ಎಷ್ಟು ದಿನ ಅನ್ನುವುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಆ ಕಾಗದ ಪಾಲಿಸಿ, ನನ್ನ ಮಾತಲ್ಲ. ಬಳೆ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂರಬೇಕು, ಅದಕ್ಕೆ ಅಷ್ಟು ಸಮಯ. ಆದರೆ ಕಾಗದದಲ್ಲಿ ಬರೆಯದ ಒಂದು ಸಂಗತಿ ಇದೆ. ಮೂರನೇ ನಾಲ್ಕನೇ ವಾರಕ್ಕೆ ಊತ ಇಳಿಯುತ್ತದೆ, ಬಳೆಯಲ್ಲಿ ಇನ್ನೂ ನೀರಿಲ್ಲ, ಹಸಿವು ಮೊದಲಿನ ಹಾಗೇ ಬಂದು ಬಾಗಿಲು ಬಡಿಯುತ್ತದೆ. ಇಷ್ಟು ದುಡ್ಡು ಖರ್ಚು ಮಾಡಿದ್ದು ದಂಡವಾಯಿತು ಅಂತ ನಾನು ಅಡುಗೆಮನೆಯಲ್ಲಿ ಕೂತು ಅತ್ತಿದ್ದೇನೆ. ದಂಡ ಆಗಿರುವುದಿಲ್ಲ. ಬಳೆಯ ಕೆಲಸ ಇನ್ನೂ ಶುರುವೇ ಆಗಿಲ್ಲ, ಅಷ್ಟೆ.

ಇನ್ನು ತಿನ್ನುವ ವಿಷಯ. ತುತ್ತು ಎಷ್ಟಿರಬೇಕು ಅಂತ ಕೇಳಿದರೆ ಪುಸ್ತಕದಲ್ಲಿ ಬಟಾಣಿ ಕಾಳು ಅಂತಾರೆ. ನಮ್ಮ ಕಡೆ ಬಟಾಣಿಗಿಂತ ಕಾಫಿ ಬೀಜ ಗೊತ್ತು. ಒಂದು ಕಾಫಿ ಬೀಜದಷ್ಟು. ಅದನ್ನು ಇಪ್ಪತ್ತು ಸಲ ಅಗಿಯಬೇಕು, ಬಾಯಲ್ಲೇ ಅಂಬಲಿ ಆಗಬೇಕು. ನುಂಗಿ, ಚಮಚ ಕೆಳಗಿಟ್ಟು, ಅದು ಇಳಿಯಿತು ಅಂತ ಗೊತ್ತಾದ ಮೇಲೆ ಮುಂದಿನದು. ನಾನು ಮೊದಲು ಕೈಯಲ್ಲೇ ತಿನ್ನುತ್ತಿದ್ದೆ. ಕೈಗೆ ತಾನೇ ದೊಡ್ಡ ತುತ್ತು ಬಂದುಬಿಡುತ್ತದೆ, ಎಷ್ಟು ವರ್ಷದ ಲೆಕ್ಕ ಅದಕ್ಕೆ! ಮೊಮ್ಮಗಳ ಬೆಳ್ಳಿ ಚಮಚ ಇಟ್ಟುಕೊಂಡೆ. ಈಗಲೂ ಕೈಚೀಲದಲ್ಲಿ ಇದೆ, ನೋಡಿ.

ಊಟದ ಜೊತೆ ನೀರು ಕುಡಿಯಬಾರದು. ಊಟ ಆಗಿ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬಿಟ್ಟು ಕುಡಿಯಿರಿ. ನೀರು ಊಟವನ್ನು ಬಳೆಯಿಂದಾಚೆಗೆ ಬೇಗ ತಳ್ಳಿಬಿಡುತ್ತದೆ, ಹೊಟ್ಟೆ ತುಂಬಿದ ಭಾವನೆ ನಿಲ್ಲುವುದಿಲ್ಲ. ಸಿಕ್ಕಿಕೊಂಡಾಗ ನೀರು ಕುಡಿದರಂತೂ ಇನ್ನೂ ಕಷ್ಟ. ಆದರೆ ಉಳಿದ ಹೊತ್ತಿನಲ್ಲಿ ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆ ಲೀಟರಾದರೂ ಹೋಗಬೇಕು. ಮಳೆಗಾಲದಲ್ಲಿ ನಮಗೆ ಬಾಯಾರಿಕೆಯೇ ಆಗುವುದಿಲ್ಲ, ಮರೆತುಹೋಗುತ್ತದೆ. ನಾನು ಜೀರಿಗೆ ನೀರು ಫ್ಲಾಸ್ಕಿನಲ್ಲಿ ಇಟ್ಟು, ಕತ್ತಲಾಗುವುದರೊಳಗೆ ಖಾಲಿ ಆಗಬೇಕು ಅಂತ ಲೆಕ್ಕ ಇಟ್ಟುಕೊಂಡೆ.

ಸಾಕು ಅಂತ ಹೊಟ್ಟೆ ಹೇಗೆ ಹೇಳುತ್ತದೆ? ಮೊದಲಿನ ಹಾಗೆ ಭಾರ ಆಗುವುದಿಲ್ಲ. ನನಗೆ ಮೂಗು ಸೋರುತ್ತದೆ. ನನ್ನ ಜೊತೆ ಆಪರೇಷನ್ ಆದ ಒಬ್ಬರಿಗೆ ಬಿಕ್ಕಳಿಕೆ. ಇನ್ನೊಬ್ಬರಿಗೆ ಸೀನು. ಕೆಲವರಿಗೆ ತಾನಾಗೇ ಒಂದು ನಿಟ್ಟುಸಿರು ಬರುತ್ತದೆ. ನಿಮ್ಮದು ಯಾವುದು ಅಂತ ನೀವೇ ಕಂಡುಹಿಡಿಯಬೇಕು. ಅದು ಬಂದಮೇಲೆ ಇನ್ನೊಂದೇ ಒಂದು ತುತ್ತು ಅಂದಿರೋ, ಬಚ್ಚಲಿಗೆ ಓಡುವುದು ಖಂಡಿತ.

ನಮ್ಮ ಅಡುಗೆಯಲ್ಲಿ ಯಾವುದು ಇಳಿಯುತ್ತದೆ, ಯಾವುದು ಇಳಿಯುವುದಿಲ್ಲ ಅಂತ ಬೆಂಗಳೂರಿನ ಡಯಟೀಷಿಯನ್‌ಗೆ ಗೊತ್ತಿರಲಿಲ್ಲ. ಪಾಪ, ಅವರ ಪಟ್ಟಿಯಲ್ಲಿ ಬ್ರೆಡ್ಡು, ಪಾಸ್ತಾ ಇತ್ತು. ನೂಪುಟ್ಟು ಅಂದರೆ ಏನು ಅಂತ ನನ್ನನ್ನೇ ಕೇಳಿದರು. ಹಾಗಾಗಿ ನಾನೇ ಒಂದೊಂದಾಗಿ ತಿಂದು ನೋಡಿ, ಹಳೇ ಕೂಲಿ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟೆ. ಕಡಂಬುಟ್ಟು ನಿಮಗೆ ಗೊತ್ತಾಯಿತು. ಅಕ್ಕಿ ತರಿ ಒಳಗೆ ಹೋಗಿ ಮತ್ತೆ ಮುದ್ದೆ ಆಗುತ್ತದೆ. ನೂಪುಟ್ಟು ನೋಡಲು ನೂಲಿನ ಹಾಗೆ ಹಗುರ, ಆದರೆ ಒಣಗಿದ್ದು ತಿಂದರೆ ಸಿಕ್ಕಿಕೊಳ್ಳುತ್ತದೆ. ಸಾರಿನಲ್ಲಿ ನೆನೆಸಿದರೆ ಅರ್ಧ ನೂಪುಟ್ಟು ನನಗೆ ಸಲೀಸು. ಅಕ್ಕಿ ಒತ್ತಿ, ಅಂದರೆ ಅಕ್ಕಿ ರೊಟ್ಟಿ, ತೆಳ್ಳಗೆ ಇದ್ದು, ಚೆನ್ನಾಗಿ ಅಗಿದರೆ ಕಾಲು ಭಾಗ. ಬೈಂಬಳೆ ಬೇಡವೇ ಬೇಡ. ಕಳಲೆಯ ನಾರು ಹಗ್ಗ ಇದ್ದ ಹಾಗೆ. ನಮ್ಮ ಕೊಡಗಿನ ಕಿತ್ತಳೆ ತಿನ್ನಬಹುದು, ಆದರೆ ತೊಳೆಯ ಮೇಲಿನ ಸಿಪ್ಪೆ ಬಿಡಿಸಿ ಬರೀ ಎಸಳು. ತೆಂಗಿನಕಾಯಿ ಚೂರು ಬೇಡ.

ಪಂದಿ ಕರಿ? ಎಲ್ಲರೂ ಕೇಳುವ ಪ್ರಶ್ನೆ ಇದೇ. ತಿನ್ನುತ್ತೇನೆ. ನಾನು ಕೊಡಗಿನಲ್ಲೇ ಇರಬೇಕಲ್ಲ! ಆದರೆ ಹಿಂದಿನ ದಿನವೇ ಮಾಡಿ, ನಮ್ಮ ಕಪ್ಪು ಹುಳಿ ಕಾಚಂಪುಳಿ ಹಿಡಿದು, ಮತ್ತೆ ಬೇಯಿಸಿ, ಬೆರಳಲ್ಲಿ ಒತ್ತಿದರೆ ಎಳೆ ಎಳೆ ಬಿಡಬೇಕು. ಕೊಬ್ಬು ಪಕ್ಕಕ್ಕೆ. ಅಂಥ ನಾಲ್ಕು ಚೂರು, ಕಾಫಿ ಬೀಜದ ಲೆಕ್ಕದಲ್ಲಿ ಹರಿದು. ಕೋಳಿಯ ಎದೆ ಮಾಂಸ ಇದಕ್ಕಿಂತ ಕಷ್ಟ, ಹತ್ತಿ ಅಗಿದ ಹಾಗೆ. ಮೀನು ಎಲ್ಲಕ್ಕಿಂತ ಸುಲಭ. ಮೊಟ್ಟೆ ಕೆಲವರಿಗೆ ಬೆಳಿಗ್ಗೆ ಆಗುವುದಿಲ್ಲ, ಮಧ್ಯಾಹ್ನ ಆಗುತ್ತದೆ. ಬೆಳಿಗ್ಗೆ ಹೊತ್ತು ಬಳೆ ಜಾಸ್ತಿ ಬಿಗಿ ಇದ್ದ ಹಾಗೆ ಅನಿಸುವುದು ತುಂಬಾ ಜನಕ್ಕೆ ಇದೆ. ಬಿಸಿ ಕಾಫಿ ಒಂದು ಗುಟುಕು ಕುಡಿದು ಅರ್ಧ ಗಂಟೆ ಬಿಟ್ಟು ತಿಂಡಿಗೆ ಕೂತರೆ ನನಗೆ ಸರಿ.

ತಟ್ಟೆಯಲ್ಲಿ ಮೊದಲು ಮೀನು, ಮೊಟ್ಟೆ, ಬೇಳೆ, ಪನೀರು ತಿನ್ನಿ. ಆಮೇಲೆ ಪಲ್ಯ. ಜಾಗ ಉಳಿದರೆ ಅಕ್ಕಿ. ನಮ್ಮಲ್ಲಿ ಲೆಕ್ಕ ಉಲ್ಟಾ ಅಲ್ವಾ, ಅಕ್ಕಿಯೇ ಊಟ, ಉಳಿದದ್ದು ನಂಚಿಕೊಳ್ಳುವುದಕ್ಕೆ. ಮೂರನೇ ತಿಂಗಳಿಂದ ಕೂದಲು ಉದುರತೊಡಗಿದಾಗ ನನಗೆ ಇದು ಅರ್ಥವಾಯಿತು. ತೂಕ ಬೇಗ ಇಳಿಯುವಾಗ ಕೂದಲು ಉದುರುವುದು ಸಾಮಾನ್ಯ, ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ. ಆದರೆ ಪ್ರೋಟೀನು, ಕಬ್ಬಿಣದ ಅಂಶ ಕಡಿಮೆ ಆದರೆ ಇನ್ನೂ ಜಾಸ್ತಿ ಉದುರುತ್ತದೆ. ಮಲ್ಟಿವಿಟಮಿನ್ ತಪ್ಪಿಸಬೇಡಿ. ಬಿ12, ಡಿ ವಿಟಮಿನ್ ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆಯಲ್ಲಿ ನೋಡಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೆ ಬಿಸಿಲು ಎಲ್ಲಿ?

ಈಗ ಹತ್ತಿದ ಕಥೆ.

ಎರಡು ವರ್ಷಕ್ಕೆ 79ಕ್ಕೆ ಬಂದಿದ್ದೆ. ಅಲ್ಲೇ ನಿಂತಿತು. ನನಗೆ 65 ಬೇಕಿತ್ತು. ಯಾಕೆ 65? ಮದುವೆಯಲ್ಲಿ ಅಷ್ಟಿದ್ದೆ, ಅದಕ್ಕೆ. ನನ್ನ ಬಳೆ 10 ಮಿಲಿ ಹಿಡಿಯುತ್ತದೆ. ಆಗ 5.5 ಮಿಲಿ ನೀರಿತ್ತು, ಎಲ್ಲ ಸರಿಯಾಗಿತ್ತು. ಊಟ ಮಾಡಿದರೆ ಮೂರು ನಾಲ್ಕು ಗಂಟೆ ಹಸಿವಿಲ್ಲ, ಸಣ್ಣ ತಟ್ಟೆ ಸಾಕು, ಸಿಕ್ಕಿಕೊಳ್ಳುವುದು ಅಪರೂಪ. ಇದೇ ಸರಿಯಾದ ಜಾಗ ಅಂತ ಡಾಕ್ಟರ್ ಹೇಳಿದ್ದರು. ನಾನು ಬಿಡಬೇಕಲ್ಲ. 'ಇನ್ನೂ ಸ್ವಲ್ಪ ಬಿಗಿ ಮಾಡಿ ಡಾಕ್ಟ್ರೇ' ಅಂತ ಪೀಡಿಸಿದೆ. ಕಾಡಿ ಬೇಡಿ 6 ಆಯಿತು, 6.5 ಆಯಿತು. ಅಣ್ಣನ ಮಗಳ ಮದುವೆ ಹತ್ತಿರ ಬಂದಾಗ, ಮೊದಲಿನ ಡಾಕ್ಟರ್ ಒಪ್ಪಲಿಲ್ಲ ಅಂತ ಬೇರೆ ಕಡೆ ಹೋಗಿ, ಸಂಕಟ ಏನೂ ಇಲ್ಲ ಅಂತ ಸುಳ್ಳು ಹೇಳಿ 7 ಮಾಡಿಸಿಕೊಂಡೆ. ಸುಳ್ಳು ನನ್ನದೇ, ಅವರ ತಪ್ಪಲ್ಲ.

ಆಮೇಲೆ ಆದದ್ದು ಕೇಳಿ. ಮೀನೂ ಇಳಿಯದ ಹಾಗಾಯಿತು. ಪಲ್ಯ ಇಳಿಯುತ್ತಿರಲಿಲ್ಲ. ಏನು ಇಳಿಯುತ್ತಿತ್ತು ಗೊತ್ತಾ? ಪಾಯಸ. ಐಸ್‌ಕ್ರೀಮ್. ಸಕ್ಕರೆ ಹಾಕಿದ ಹಾಲು ಕಾಫಿ. ಮಡಿಕೇರಿ ರಸ್ತೆಯಲ್ಲಿ ಹೆಜ್ಜೆಗೊಂದು ಬೋರ್ಡ್ ಇದೆಯಲ್ಲ, ಹೋಮ್‌ಮೇಡ್ ಚಾಕಲೇಟ್, ಹೋಮ್‌ಮೇಡ್ ವೈನ್ ಅಂತ, ಅವೆರಡೂ. ಬಳೆ ಗಟ್ಟಿಯಾದದ್ದನ್ನು ತಡೆಯುತ್ತದೆ, ಕರಗುವುದನ್ನು ತಡೆಯುವುದಿಲ್ಲ. ಚಾಕಲೇಟು ಬಾಯಲ್ಲೇ ನೀರಾಗಿ ಜಾರಿಹೋಗುತ್ತದೆ. ಹೊಟ್ಟೆ ಸದಾ ಖಾಲಿ ಖಾಲಿ, ಸಂಕಟ ಬೇರೆ, ಸಮಾಧಾನಕ್ಕೆ ಮತ್ತೊಂದು ಚೂರು. ಬಿಗಿ ಜಾಸ್ತಿ ಮಾಡಿಸಿಕೊಂಡು ಒಂದು ವರ್ಷದಲ್ಲಿ ಹನ್ನೆರಡು ಕೆಜಿ ಹತ್ತಿದೆ. ಹೇಳಿದರೆ ಯಾರೂ ನಂಬುವುದಿಲ್ಲ.

ಫೆಬ್ರವರಿ, ಮಾರ್ಚಿನಲ್ಲಿ ಹೂವಿನ ಮಳೆ ಕೈಕೊಟ್ಟರೆ ಕೆರೆಯಿಂದ ಸ್ಪ್ರಿಂಕ್ಲರ್ ಹಾಕುತ್ತೇವಲ್ಲ. ಪಂಪ್ ಓಡುತ್ತಿರುವಾಗ ಹೊಸ ಹುಡುಗ ಯಾರಾದರೂ ಗೇಟ್ ವಾಲ್ವ್ ಪೂರ್ತಿ ಮುಚ್ಚಿದರೆ ಏನಾಗುತ್ತದೆ? ವಾಲ್ವಿಗೆ ಏನೂ ಆಗುವುದಿಲ್ಲ. ಅದರ ಹಿಂದಿನ ಪೈಪಿನ ಜಾಯಿಂಟ್ ಬಿಚ್ಚಿಕೊಂಡು ಕೆರೆ ಪಕ್ಕವೆಲ್ಲ ಕೆಸರು. ನನ್ನ ಒಳಗೂ ಅದೇ. ಬಳೆಗಿಂತ ಮೇಲಿನ ಪುಟ್ಟ ಚೀಲ ಹಿಗ್ಗತೊಡಗಿತ್ತು. ಅನ್ನನಾಳವೂ ಹಿಗ್ಗಬಹುದು. ಮತ್ತೆ ಮತ್ತೆ ವಾಂತಿ ಮಾಡಿದರೆ ಕೆಳಗಿನ ಹೊಟ್ಟೆ ಬಳೆಯೊಳಗಿಂದ ಮೇಲಕ್ಕೆ ನುಗ್ಗುತ್ತದೆ, ಅದಕ್ಕೆ ಬಳೆ ಜಾರುವುದು ಅನ್ನುತ್ತಾರೆ. ಕೆಲವರಿಗೆ ವರ್ಷಗಳಾದ ಮೇಲೆ ಬಳೆ ಹೊಟ್ಟೆಯ ಗೋಡೆ ಕೊರೆದು ಒಳಗೆ ಇಳಿಯುವುದೂ ಉಂಟು. ಅಲ್ಲಿಗೆ ಬಂದರೆ ಮತ್ತೊಂದು ಆಪರೇಷನ್ನೇ.

ಮೊದಲ ಸೂಚನೆ ರಾತ್ರಿ ಕೆಮ್ಮು. ಮಲಗಿದರೆ ಗಂಟಲಿಗೆ ಹುಳಿ ನೀರು ಬರುತ್ತಿತ್ತು, ದಿಂಬು ಒದ್ದೆ. ಮಳೆಗಾಲದ ಶೀತ ಅಂತ ಕರಿಮೆಣಸಿನ ಕಷಾಯ ಕುಡಿದೆ. ಹುಳಿ ಉರಿಗೆ ಮೆಣಸು! ಎರಡು ಮೂರು ದಿಂಬು ಏರಿಸಿ ಮಲಗಿದೆ. ಮಾಡಬೇಕಾದ್ದು ಒಂದೇ ಇತ್ತು, ನೀರು ತೆಗೆಸಬೇಕಿತ್ತು. ರಾತ್ರಿ ಕೆಮ್ಮು, ಹುಳಿ ತೇಗು ಒಂದು ವಾರ ಬಿಡದೆ ಇದ್ದರೆ ದಯವಿಟ್ಟು ಕಷಾಯ ಹುಡುಕಬೇಡಿ, ಡಾಕ್ಟರಿಗೆ ಫೋನ್ ಮಾಡಿ.

ಕಕ್ಕಡ ತಿಂಗಳ ಹದಿನೆಂಟು, ಆಗಸ್ಟ್ 3. ನಮ್ಮಲ್ಲಿ ಆ ದಿನಕ್ಕೆಂದೇ ಮಾಡುವ ಮದ್ದ್ ಸೊಪ್ಪಿನ ಪಾಯಸ ಮಾಡಿದ್ದೆ, ಆ ನೇರಳೆ ಬಣ್ಣ, ಆ ವಾಸನೆ. ಪಾಯಸ ತಾನೇ ಅಂತ ಧೈರ್ಯ. ಅದರಲ್ಲಿ ಅಕ್ಕಿ ಇತ್ತು, ಮೇಲೆ ತೆಂಗಿನ ತುರಿ. ಸಂಜೆ ಐದಕ್ಕೆ ಸಿಕ್ಕಿಕೊಂಡಿತು. ಏಳಕ್ಕೆ ಬಿಡಲಿಲ್ಲ. ಒಂಬತ್ತಕ್ಕೆ ನನ್ನ ಎಂಜಲೇ ನನಗೆ ನುಂಗಲು ಆಗುತ್ತಿಲ್ಲ. ಹೊರಗೆ ಎರಡು ದಿನದಿಂದ ಬಿಡದ ಮಳೆ, ಕರೆಂಟ್ ಇಲ್ಲ, ಫೋನಿಗೆ ಸಿಗ್ನಲ್ ಸಿಗಬೇಕಾದರೆ ಗೇಟಿನ ಹತ್ತಿರ ಹೋಗಬೇಕು. ಹತ್ತಿರದ ಒಂದು ಆಸ್ಪತ್ರೆಗೆ ಹೋದೆವು. ಡ್ಯೂಟಿಯಲ್ಲಿದ್ದ ಹುಡುಗ ಡಾಕ್ಟರ್ ಬ್ಯಾಂಡ್ ಅಂದರೆ ಕೈಯಲ್ಲಿ ಕಟ್ಟುವುದಾ ಅಂತ ಕೇಳಿದ. ನಗಬೇಡಿ. ಅವನು ಒಳ್ಳೆಯದೇ ಮಾಡಿದ. ಗೊತ್ತಿಲ್ಲದೆ ಮಾಮೂಲಿ ಸೂಜಿ ಚುಚ್ಚಲಿಲ್ಲ. ಪೋರ್ಟಿಗೆ ಹ್ಯೂಬರ್ ಅನ್ನುವ ಬೇರೆ ಥರದ ಸೂಜಿ ಬೇಕು. ಮಾಮೂಲಿ ಸೂಜಿ ಪೋರ್ಟಿನ ರಬ್ಬರಿನಿಂದ ಚೂರು ಕಿತ್ತು, ಆಮೇಲೆ ನೀರು ಸೋರುವ ಹಾಗೆ ಮಾಡಬಹುದು. ಅವನು ಡ್ರಿಪ್ ಹಾಕಿ, ಮೈಸೂರಿಗೆ ಹೋಗಿ ಅಂದ.

ಹುಣಸೂರು ದಾರಿಯಲ್ಲಿ ಮೈಸೂರಿಗೆ ಎರಡೂವರೆ ಗಂಟೆ. ಅವತ್ತು ತಿತಿಮತಿ ದಾಟಿದ ಮೇಲೆ ಮರ ಬಿದ್ದಿತ್ತು. ಮುಂದೆ ನಿಂತ ಲಾರಿಯವರು ಕತ್ತಿ ಹಿಡಿದು ಕಡಿಯುತ್ತಿದ್ದರು, ನಮ್ಮ ಯಜಮಾನರೂ ಇಳಿದರು. ನಾನು ಕಾರಿನಲ್ಲಿ ಸ್ಟೀಲ್ ಲೋಟ ಹಿಡಿದು ಉಗಿಯುತ್ತಾ ಕೂತಿದ್ದೆ. ಒಂದೂವರೆ ಗಂಟೆ ಆಯಿತು. ಮೈಸೂರು ತಲುಪಿದಾಗ ಬೆಳಗಿನ ಜಾವ ಮೂರು. ಅಲ್ಲಿನ ಸರ್ಜನ್ ಪೋರ್ಟನ್ನು ಬೆರಳಲ್ಲಿ ತಡವಿ, ಸೂಜಿ ಹಾಕಿ, ನೀರು ಎಳೆದರು. ಎರಡು ನಿಮಿಷದ ಕೆಲಸ. ಒಂದು ಲೋಟ ನೀರು ಕೊಟ್ಟು ಕುಡಿಯಿರಿ ಅಂದರು. ಮೊದಲ ಗುಟುಕು ಎದೆಯಲ್ಲಿ ಇಳಿದು ಹೋಗುವುದು ಗೊತ್ತಾಯಿತು. ಆ ನೀರಿನಷ್ಟು ರುಚಿಯದ್ದನ್ನು ನಾನು ಯಾವತ್ತೂ ಕುಡಿದಿಲ್ಲ, ಕಾಫಿ ಬೆಳೆಯುವವಳು ಹೇಳುತ್ತಿದ್ದೇನೆ.

ಅವತ್ತಿಂದ ನನ್ನ ಪರ್ಸಿನಲ್ಲಿ ಒಂದು ಕಾರ್ಡ್ ಇದೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿ ಲ್ಯಾಮಿನೇಟ್ ಮಾಡಿಸಿದ್ದೇನೆ. ಬಳೆಯ ಹೆಸರು, ಅದು ಎಷ್ಟು ಮಿಲಿ ಹಿಡಿಯುತ್ತದೆ, ಈಗ ಎಷ್ಟಿದೆ, ಪೋರ್ಟ್ ಎಲ್ಲಿದೆ, ಯಾವ ಸೂಜಿ ಬೇಕು, ಸರ್ಜನ್ ಫೋನ್ ನಂಬರ್. ಪ್ರತಿ ಸಲ ನೀರು ಬದಲಾದಾಗ ಕಾರ್ಡೂ ಬದಲು. ಇಲ್ಲಿ ಬ್ಯಾಂಡ್ ಇರುವ ಎಷ್ಟು ಜನರ ಹತ್ತಿರ ಇದು ಇದೆ? ಒಬ್ಬರು. ಇಬ್ಬರು. ಉಳಿದವರು ಈ ವಾರವೇ ಬರೆಸಿ. ಇನ್ನೊಂದು, ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲೇ ಒಮ್ಮೆ ಡಾಕ್ಟರನ್ನು ನೋಡಿಬನ್ನಿ. ಸ್ವಲ್ಪ ಬಿಗಿ ಅನಿಸಿದರೂ ಆಗಲೇ ಸಡಿಲ ಮಾಡಿಸಿ. ಬೆಂಗಳೂರಿನವರಿಗೆ ಇದು ಬೇಕಾಗಿಲ್ಲ, ಅವರಿಗೆ ಆಟೋ ಸಿಕ್ಕರೆ ಸಾಕು. ನಮಗೆ ರೈಲೂ ಇಲ್ಲ, ರಸ್ತೆ ಇದೆಯೋ ಇಲ್ಲವೋ ಅಂತ ಮಳೆಯನ್ನೇ ಕೇಳಬೇಕು. ಗುಡ್ಡ ಕುಸಿದು ರಸ್ತೆ ಹೋದ 2018ರ ಆಗಸ್ಟ್ ಯಾರಿಗೂ ಮರೆತಿಲ್ಲ.

ಸಿಕ್ಕಿಕೊಂಡರೆ ಗಾಬರಿ ಬೇಡ, ಎದ್ದು ನಿಧಾನ ನಡೆಯಿರಿ. ಸಾಮಾನ್ಯವಾಗಿ ಸರಿಹೋಗುತ್ತದೆ. ಆಮೇಲೆ ಒಂದು ದಿನ ಬರೀ ದ್ರವ, ಯಾಕೆಂದರೆ ಒಳಗೆ ಊದಿರುತ್ತದೆ. ಊದಿದ ಮೇಲೆ ಮತ್ತೆ ಗಟ್ಟಿ ತಿಂದರೆ ಮತ್ತೆ ಸಿಕ್ಕಿಕೊಳ್ಳುತ್ತದೆ. ಆದರೆ ಕೆಲವು ಗಂಟೆ ಆದರೂ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಹೊಟ್ಟೆ ನೋವು ಜೋರಾಗಿ ಬಿಡದೆ ಇದ್ದರೆ, ಜ್ವರ ಬಂದರೆ, ಪೋರ್ಟ್ ಜಾಗ ಕೆಂಪಾಗಿ ಊದಿದರೆ, ಮಲ ಕಪ್ಪಾದರೆ ಕಾಯುವ ಮಾತೇ ಇಲ್ಲ. ಇದ್ದಕ್ಕಿದ್ದ ಹಾಗೆ ಎಷ್ಟು ಬೇಕಾದರೂ ತಿನ್ನಲು ಆಗುತ್ತಿದೆ ಅಂದರೂ ಹೋಗಿ ತೋರಿಸಿ. ಎಲ್ಲೋ ನೀರು ಸೋರುತ್ತಿರಬಹುದು.

ಔಷಧಿ ಬಗ್ಗೆ ಎರಡು ಮಾತು. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ ತೆಗೆದುಕೊಳ್ಳುವವರು ತೂಕ ಇಳಿಯುತ್ತಾ ಹೋದ ಹಾಗೆ ಡೋಸ್ ನೋಡಿಸಿಕೊಳ್ಳಿ. ಊಟ ಕಾಲು ಭಾಗ, ಮಾತ್ರೆ ಮೊದಲಿನಷ್ಟೇ ಅಂದರೆ ತಲೆ ತಿರುಗಿ ಬೀಳುತ್ತೀರಿ. ನೀವೇ ನಿಲ್ಲಿಸಬೇಡಿ, ಕೇಳಿ. ದೊಡ್ಡ ಮಾತ್ರೆ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಬಹುದಾ, ಸಿರಪ್ ಇದೆಯಾ ಅಂತ ವಿಚಾರಿಸಿ, ಎಲ್ಲವನ್ನೂ ಪುಡಿ ಮಾಡುವ ಹಾಗಿಲ್ಲ. ಮತ್ತೆ ನಮ್ಮ ತೋಟದವರ ಕೆಟ್ಟ ಅಭ್ಯಾಸ, ಸೊಂಟ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುವುದು. ನಮ್ಮ ಹೊಟ್ಟೆಗೆ ಅದು ಒಳ್ಳೆಯದಲ್ಲ. ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ನಡಿಗೆ. ಬೆಳಗಿನ ಜಾವ ಐದಕ್ಕೆ ಎದ್ದು ನಡೆಯಿರಿ ಅಂದರು ಬೆಂಗಳೂರಿನಲ್ಲಿ. ಅವರಿಗೆ ಆನೆ ಗೊತ್ತಿಲ್ಲ. ನಮ್ಮ ಕಡೆ ಐದಕ್ಕೆ ನಡೆಯಲು ಹೋದವರು ಐದೂವರೆಗೆ ಓಡುತ್ತಿರುತ್ತಾರೆ. ನಾನು ಬಿಸಿಲು ಬಂದ ಮೇಲೆ ಕಾಫಿ ಕಣದಲ್ಲಿ ಸುತ್ತು ಹಾಕುತ್ತೇನೆ. ಮಳೆಗಾಲದಲ್ಲಿ ಜಗಲಿಯ ಈ ತುದಿಯಿಂದ ಆ ತುದಿ. ಜಿಗಣೆ ಕಾಟ ಇಲ್ಲ.

ಊಟಕ್ಕಿಂತ ಕಷ್ಟ ಊಟ ಹಾಕುವವರದ್ದು. ನಮ್ಮಲ್ಲಿ ಬೇಡ ಅನ್ನುವುದು ಮರ್ಯಾದೆ ಅಲ್ಲ. ಮದುವೆ ಮನೆಯಲ್ಲಿ ತಟ್ಟೆ ನೋಡಿ 'ಇಷ್ಟೇನಾ? ನಮ್ಮ ಮನೆ ಊಟ ಸೇರಲಿಲ್ವಾ?' ಅಂತಾರೆ. ಮೊದಲ ವರ್ಷ ಗ್ಯಾಸ್ಟ್ರಿಕ್ ಅಂತ ಸುಳ್ಳು ಹೇಳಿದೆ. ಗ್ಯಾಸ್ಟ್ರಿಕ್‌ಗೆ ಊರಿನವರೆಲ್ಲ ಮದ್ದು ಕೊಡುತ್ತಾರೆ, ಅದೊಂದು ಹೊಸ ತಾಪತ್ರಯ. ತೂಕ ಇಳಿದ ಮೇಲೆ ಕ್ಯಾನ್ಸರಾ ಅಂತ ಬೆನ್ನ ಹಿಂದೆ ಮಾತಾಡಿದರು. ಆಮೇಲೆ ನಿಜ ಹೇಳಿದೆ. 'ಆಪರೇಷನ್ ಆಗಿದೆ, ನಿಧಾನ ತಿನ್ನಬೇಕು' ಅಷ್ಟೇ. ಯಾವ ಆಪರೇಷನ್ ಅಂತ ಮುಕ್ಕಾಲು ಜನ ಕೇಳುವುದಿಲ್ಲ. ಸಣ್ಣ ತಟ್ಟೆ ಹಿಡಿದು ವಯಸ್ಸಾದವರ ಪಕ್ಕ ಕೂರುತ್ತೇನೆ. ಅವರೂ ನಿಧಾನ, ನಾನೂ ನಿಧಾನ. ಅತ್ತೆಯ ಕೊನೆಯ ಎರಡು ವರ್ಷ ನಾವಿಬ್ಬರೇ ಊಟದ ಮೇಜಿನ ಮೇಲೆ ಕೊನೆಗೆ ಉಳಿಯುತ್ತಿದ್ದೆವು. ಇಪ್ಪತ್ತೈದು ವರ್ಷದಲ್ಲಿ ಆಡದ ಮಾತು ಆಗ ಆಡಿದೆವು.

ಮನೆಯವರಿಗೆ ಒಂದು ಮಾತು. ನನ್ನ ಯಜಮಾನರು ತುಂಬಾ ದಿನ ಮುನಿಸಿಕೊಂಡಿದ್ದರು. ಕಾರಣ ಗೊತ್ತಾಗಲಿಲ್ಲ. ಒಂದು ರಾತ್ರಿ ಹೇಳಿದರು, 'ನಿನ್ನ ಜೊತೆ ತಿನ್ನೋದೇ ನನಗೆ ಇಷ್ಟ ಇತ್ತು' ಅಂತ. ಅವರು ತಿನ್ನುವ ಜೊತೆಗಾರ್ತಿಯನ್ನು ಕಳೆದುಕೊಂಡಿದ್ದರು. ಈಗ ಅವರು ತಿಂದು ಮುಗಿಸಿದ ಮೇಲೂ ಕೂತಿರುತ್ತಾರೆ, ನಾನು ಮುಗಿಸುವವರೆಗೆ ಪೇಪರ್ ಓದಿ ಹೇಳುತ್ತಾರೆ.

ಸೀರೆ ಬಗ್ಗೆ ಹೆಂಗಸರು ಕೇಳುತ್ತೀರಿ ಅಂತ ಗೊತ್ತು. ಪೋರ್ಟ್ ಇರುವ ಕಡೆ ನೆರಿಗೆ ಒತ್ತಿದರೆ ನೋಯುತ್ತದೆ. ನಮ್ಮ ಕೊಡಗಿನ ಸೀರೆಗೆ ನೆರಿಗೆ ಹಿಂದೆ, ಅಷ್ಟು ಪುಣ್ಯ.

ಕೊನೆಗೆ ಪ್ರಶ್ನೆ ಕೇಳುವ ಹೊತ್ತಿನಲ್ಲಿ ಹಿಂದಿನ ಸಾಲಿನಿಂದ ಒಬ್ಬರು ನೇರವಾಗಿ ಕೇಳಿದರು. ಈಗ ಹಾಕಿಸಿಕೊಳ್ಳುವುದಾದರೆ ಬ್ಯಾಂಡ್ ಹಾಕಿಸಿಕೊಳ್ಳುತ್ತೀರಾ ಅಂತ. ಇಲ್ಲ ಅಂದೆ. ಈಗ ಬ್ಯಾಂಡ್ ಹಾಕುವುದೇ ಕಡಿಮೆ, ಹೊಟ್ಟೆಯನ್ನು ಕೊಳವೆಯ ಹಾಗೆ ಕತ್ತರಿಸುವ ಸ್ಲೀವ್ ಆಪರೇಷನ್ನೇ ಜಾಸ್ತಿ. ಬ್ಯಾಂಡಿನಲ್ಲಿ ತೂಕ ನಿಧಾನ ಇಳಿಯುತ್ತದೆ, ಎಷ್ಟೋ ಜನ ವರ್ಷಗಳಾದ ಮೇಲೆ ತೆಗೆಸಿದ್ದಾರೆ. ಸ್ಲೀವ್ ಒಮ್ಮೆ ಮಾಡಿದರೆ ವಾಪಸ್ ಇಲ್ಲ, ಅದರ ಕಷ್ಟಗಳೇ ಬೇರೆ. ಅದನ್ನು ಅದು ಆದವರಿಂದ ಕೇಳಿ. ಆದರೆ ನೀರು ಹಾಕಿ ತೆಗೆಯುವವರು ನೂರು ಕಿಲೋಮೀಟರ್ ಆಚೆ ಇರುವ ಊರಿನಲ್ಲಿ ಕೂತು ಬ್ಯಾಂಡ್ ಆರಿಸುವ ಮೊದಲು ನಾಲ್ಕು ಸಲ ಯೋಚಿಸಿ. ನನ್ನದನ್ನು ತೆಗೆಸುತ್ತೀರಾ ಅಂತಲೂ ಕೇಳಿದರು. 5 ಮಿಲಿಯಲ್ಲಿ ನಾನೂ ಅದೂ ರಾಜಿ ಆಗಿದ್ದೇವೆ. ವರ್ಷಕ್ಕೊಮ್ಮೆ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಯುತ್ತಾರೆ. ಚೀಲ ಮತ್ತೆ ಹಿಗ್ಗಿದೆ ಅಂತ ಗೊತ್ತಾದ ದಿನ ತೆಗೆಸುತ್ತೇನೆ.

ಇನ್ನೊಬ್ಬಳು ಹುಡುಗಿ, ಅವಳಿಗೆ ಮೂರು ತಿಂಗಳ ಹಿಂದೆ ಹಾಕಿದ್ದಂತೆ, ಪುತ್ತರಿ ಹಬ್ಬಕ್ಕೆ ತಂಬುಟ್ಟು ತಿನ್ನಬಹುದಾ ಆಂಟಿ ಅಂದಳು. ಎಲ್ಲರೂ ನಕ್ಕರು, ಅವಳು ನಗಲಿಲ್ಲ. ತಿನ್ನು ಅಂದೆ. ಬಾಳೆಹಣ್ಣು ಚೆನ್ನಾಗಿ ಕಿವುಚಿರಬೇಕು, ಹಿಟ್ಟು ಗಂಟು ಕಟ್ಟಿರಬಾರದು. ತುಪ್ಪ ಹಾಕಲು ಬಂದರೆ ಕೈ ಅಡ್ಡ ಹಿಡಿ. ತೆಂಗಿನ ಚೂರು ಸಿಕ್ಕರೆ ಪಕ್ಕಕ್ಕೆ ತೆಗೆದಿಡು. ಮೆತ್ತಗಿದೆ, ಸುಮ್ನೆ ಜಾರಿಹೋಗುತ್ತದೆ, ಎಷ್ಟು ತಿಂದೆ ಅಂತ ಗೊತ್ತೇ ಆಗುವುದಿಲ್ಲ. ಅದಕ್ಕೆ ತಟ್ಟೆಗೆ ಹಾಕಿಸಿಕೊಳ್ಳಬೇಡ, ಬಟ್ಟಲಿಗೆ ಹಾಕಿಸಿಕೋ. ಎರಡು ಚಮಚ.

ದೊಡ್ಡ ಚಮಚವಾ ಚಿಕ್ಕ ಚಮಚವಾ ಅಂತ ಕೇಳಿದಳು. ನನ್ನ ಕೈಚೀಲದ ಬೆಳ್ಳಿ ಚಮಚ ತೆಗೆದು ತೋರಿಸಿದೆ.